ನಿದ್ದೆ ಮಾತ್ರೆಯ ಲೆಕ್ಕ ಮೊದಲ ಚೀಟಿಯಲ್ಲೇ ಇದೆ

ಮಂಡ್ಯ, ಮೈಸೂರು ಸೀಮೆಯಲ್ಲಿ ಖಿನ್ನತೆಯಿಂದ ಬಳಲುವವರು ವೈದ್ಯರ ಮುಂದೆ ಮೊದಲು ಹೇಳಿಕೊಳ್ಳುವುದು ಸಾಮಾನ್ಯವಾಗಿ ದೇಹದ ತೊಂದರೆಯನ್ನು: ರಾತ್ರಿ ನಿದ್ದೆ ಹತ್ತುವುದಿಲ್ಲ, ತಲೆಭಾರ, ಎದೆ ಡವಡವ. ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನಲ್ಲಾಗಲಿ, ಪೇಟೆಯ ಖಾಸಗಿ ವೈದ್ಯರಲ್ಲಾಗಲಿ ಬರೆದುಕೊಡುವ ಚೀಟಿಯಲ್ಲಿ ಹಲವು ಸಲ ಎರಡು ಔಷಧಗಳಿರುತ್ತವೆ. ಒಂದು ಖಿನ್ನತೆಗೆ, ಇನ್ನೊಂದು ನಿದ್ದೆಗೆ. ಮನೆಯವರು ಇವೆರಡನ್ನೂ ಪ್ರತ್ಯೇಕ ತೀರ್ಮಾನಗಳೆಂದೇ ತಿಳಿಯುತ್ತಾರೆ. ಆದರೆ ನಿದ್ದೆ ಮಾತ್ರೆ ಬೇಕೇ, ಬೇಕಾದರೆ ಎಷ್ಟು ದಿನ ಎಂಬುದು ಖಿನ್ನತೆಗೆಂದು ಆರಿಸಿದ ಮಾತ್ರೆ ಯಾವುದು ಎಂಬುದನ್ನು ಸಾಕಷ್ಟು ಮಟ್ಟಿಗೆ ಅವಲಂಬಿಸಿರುತ್ತದೆ.

ಇಂದು ಮೊದಲ ಆಯ್ಕೆಯಾಗಿ ಹೆಚ್ಚು ಬಳಕೆಯಲ್ಲಿರುವುದು ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳು: ಫ್ಲುಯೊಕ್ಸೆಟಿನ್, ಸರ್ಟ್ರಾಲಿನ್, ಎಸ್ಸಿಟಲೊಪ್ರಾಮ್ ಮುಂತಾದವು. ಮನಸ್ಥಿತಿಯ ಮೇಲೆ ಪ್ರಭಾವ ಬೀರುವ ಸೆರೊಟೋನಿನ್ ಎಂಬ ರಾಸಾಯನಿಕವು ನರಕೋಶಗಳ ನಡುವಿನಿಂದ ಮರಳಿ ಕೋಶದೊಳಗೆ ಸೇರುವುದನ್ನು ಇವು ತಡೆಯುತ್ತವೆ. ಈ ತಡೆ ಕೆಲವೇ ಗಂಟೆಗಳಲ್ಲಿ ಆರಂಭವಾದರೂ ಮನಸ್ಸು ಹಗುರಾಗಲು ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ. ಕನ್ನಂಬಾಡಿಯಲ್ಲಿ ತೂಬು ತೆರೆದ ದಿನವೇ ಮಳವಳ್ಳಿಯ ಕೊನೇ ಗದ್ದೆಗೆ ನೀರು ಮುಟ್ಟದು. ಈ ಕಾಯುವ ದಿನಗಳಲ್ಲಿ ಕೆಲವರಿಗೆ ಚಡಪಡಿಕೆಯೂ ನಿದ್ದೆಗೇಡೂ ಮೊದಲಿಗಿಂತ ಹೆಚ್ಚಾಗುವುದುಂಟು. ಆ ಅವಧಿಯನ್ನು ದಾಟಿಸಲೆಂದೇ ಕ್ಲೊನಜೆಪಾಮ್, ಲೊರಜೆಪಾಮ್, ಆಲ್ಪ್ರಜೋಲಾಮ್‌ನಂತಹ ಬೆಂಜೊಡಯಜೆಪಿನ್‌ಗಳನ್ನು ಸೇರಿಸುತ್ತಾರೆ. ಮಿದುಳನ್ನು ಶಾಂತಗೊಳಿಸುವ ಗಾಬಾ ಎಂಬ ರಾಸಾಯನಿಕದ ಪರಿಣಾಮವನ್ನು ಹೆಚ್ಚಿಸುವ ಇವು ಅಂದಿನ ರಾತ್ರಿಯೇ ನಿದ್ದೆ ತರುತ್ತವೆ.

ಹೀಗೆ ಸೇರಿಸುವುದನ್ನು ಅವಿವೇಕವೆನ್ನಲಾಗದು. ಹಲವು ಪ್ರಯೋಗಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ಸಮೀಕ್ಷೆಯ 2019ರ ವರದಿಯ ಪ್ರಕಾರ, ಖಿನ್ನತೆಯ ಔಷಧವೊಂದನ್ನೇ ಕೊಡುವುದಕ್ಕಿಂತ ಮೊದಲ ನಾಲ್ಕು ವಾರಗಳಲ್ಲಿ ಈ ಜೋಡಿ ಚಿಕಿತ್ಸೆ ಹೆಚ್ಚು ಫಲ ನೀಡಿತು. ಅನಂತರ ಆ ಮೇಲುಗೈ ಉಳಿಯಲಿಲ್ಲ. ತೊಡಕಿರುವುದು ಆ ನಾಲ್ಕು ವಾರಗಳಾಚೆ. ಅಮೆರಿಕದ 2001ರಿಂದ 2014ರವರೆಗಿನ ವಿಮಾ ದಾಖಲೆಗಳನ್ನು ಆಧರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡನ್ನೂ ಒಟ್ಟಿಗೆ ಆರಂಭಿಸಿದವರ ಪೈಕಿ ಶೇ 12.3ರಷ್ಟು ಜನ ಬೆಂಜೊಡಯಜೆಪಿನ್‌ನ ದೀರ್ಘಕಾಲದ ಬಳಕೆದಾರರಾಗಿದ್ದರು.

ಹಾಗಾದರೆ ನಿದ್ದೆಯನ್ನೂ ತರುವ ಖಿನ್ನತೆಯ ಔಷಧವನ್ನೇ ಕೊಡಬಾರದೇಕೆ? ಮಿರ್ಟಜಪಿನ್ ಅಂಥದ್ದು, ಎಚ್ಚರವಾಗಿಡುವ ಹಿಸ್ಟಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಕೆಲಸ ಮಾಡದಂತೆ ಅದು ತಡೆಯುವುದರಿಂದ ಮೊದಲ ದಿನಗಳಲ್ಲೇ ಮಂಪರು ಬರುತ್ತದೆ, ಬೇರೆ ನಿದ್ದೆ ಮಾತ್ರೆಯ ಅಗತ್ಯ ಹಲವರಿಗೆ ತಪ್ಪುತ್ತದೆ. ಆದರೆ ಅದೇ ಗುಣ ಹಸಿವನ್ನೂ ತೂಕವನ್ನೂ ಹೆಚ್ಚಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇದು ಸಣ್ಣ ಬೆಲೆಯಲ್ಲ. ಊಟ ಸೇರದೆ ಸೊರಗಿದ ಹಿರಿಯರಿಗೆ ಇದೇ ಅನುಕೂಲವೂ ಆಗಬಹುದು. 1961ರಿಂದ ಬಳಕೆಯಲ್ಲಿರುವ ಅಮಿಟ್ರಿಪ್ಟಿಲಿನ್ ಕೂಡ ನಿದ್ದೆ ತರುತ್ತದೆ, ಬಾಯಿ ಒಣಗಿಸುತ್ತದೆ, ಮಲಬದ್ಧತೆ ತರುತ್ತದೆ, ಮಿತಿಮೀರಿ ನುಂಗಿದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಆತ್ಮಹತ್ಯೆಯ ಯೋಚನೆ ಇರುವವರ ಮನೆಯಲ್ಲಿ ಇದನ್ನು ಎಷ್ಟು ದಿನಕ್ಕಾಗುವಷ್ಟು ಇಟ್ಟುಕೊಳ್ಳಬಹುದು ಎಂಬುದೂ ವೈದ್ಯರ ಲೆಕ್ಕಕ್ಕೆ ಬರಬೇಕು.

ಇಲ್ಲಿ ಅಂಕಿಅಂಶ ಓದುವವರು ಎಡವುವ ಒಂದು ಜಾಗವಿದೆ. ಆಸ್ಪತ್ರೆಯ ದಾಖಲೆಗಳನ್ನು ನೋಡಿ ‘ಮಿರ್ಟಜಪಿನ್ ಸೇವಿಸುವವರೇ ಹೆಚ್ಚು ನಿದ್ದೆ ಮಾತ್ರೆ ನುಂಗುತ್ತಾರೆ’ ಎಂದು ಯಾರಾದರೂ ತೋರಿಸಿಬಿಡಬಹುದು. ನಿದ್ದೆ ಪೂರ್ತಿ ಕೆಟ್ಟವರಿಗೇ ವೈದ್ಯರು ಅದನ್ನು ಆರಿಸುವುದರಿಂದ, ಆ ವ್ಯತ್ಯಾಸ ರೋಗಿಗಳ ನಡುವಿನದೇ ಹೊರತು ಔಷಧಗಳದ್ದೆಂದು ಹೇಳಲಾಗದು. ಲಾಟರಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪಾಗಿಸಿ ಹೋಲಿಸಿದಾಗ, ಇಲ್ಲವೇ ಚಿಕಿತ್ಸೆಗೆ ಮೊದಲಿನ ನಿದ್ದೆ, ಆತಂಕಗಳ ಮಟ್ಟವನ್ನು ಸರಿದೂಗಿಸಿ ನೋಡಿದಾಗ ಮಾತ್ರ ಆಯ್ಕೆಯ ಪರಿಣಾಮ ಬೇರ್ಪಟ್ಟು ಕಾಣುತ್ತದೆ.

ಆಯ್ಕೆ ಇನ್ನೊಂದು ದಾರಿಯಲ್ಲೂ ಪ್ರಭಾವ ಬೀರುತ್ತದೆ. ಎಸ್‌ಎಸ್‌ಆರ್‌ಐ ಗುಂಪಿನದೇ ಆದ ಫ್ಲುವೊಕ್ಸಮಿನ್, ಔಷಧವನ್ನು ಕರಗಿಸುವ ಯಕೃತ್ತಿನ ಕಿಣ್ವಗಳನ್ನು ತಡೆಯುವುದರಿಂದ ರಕ್ತದಲ್ಲಿ ಆಲ್ಪ್ರಜೋಲಾಮ್ ಪ್ರಮಾಣ ಸುಮಾರು ಎರಡು ಪಟ್ಟಾಗುತ್ತದೆ. ನುಂಗಿದ್ದು ಒಂದು ಮಾತ್ರೆ, ಮೈಗೆ ಹತ್ತಿದ್ದು ಎರಡರಷ್ಟು. ವಯಸ್ಸಾದವರು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಮೂಳೆ ಮುರಿದುಕೊಳ್ಳಲು ಇಷ್ಟು ಸಾಕು.

ನಮ್ಮ ದೇಶದ್ದೇ ಆದ ತಾಪತ್ರಯವೆಂದರೆ ಜೋಡಿ ಮಾತ್ರೆ. 10 ಮಿಲಿಗ್ರಾಂ ಎಸ್ಸಿಟಲೊಪ್ರಾಮ್ ಮತ್ತು 0.5 ಮಿಲಿಗ್ರಾಂ ಕ್ಲೊನಜೆಪಾಮ್ ಒಂದೇ ಗುಳಿಗೆಯಲ್ಲಿ ಮೆಡಿಕಲ್ ಸ್ಟೋರುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಮೊದಲನೆಯದನ್ನು ಗುಣಕಂಡ ಮೇಲೂ ಆರೇಳು ತಿಂಗಳು ಮುಂದುವರಿಸಬೇಕು. ಎರಡನೆಯದನ್ನು ಕೆಲವು ವಾರಗಳಲ್ಲೇ ಇಳಿಸಿ ನಿಲ್ಲಿಸಬೇಕು. ಒಂದೇ ಗುಳಿಗೆಯಲ್ಲಿ ಬೆಸೆದ ಮೇಲೆ ಇವೆರಡೂ ಒಟ್ಟಿಗೆ ನಡೆಯುತ್ತವೆ, ಹಳೆಯ ಚೀಟಿ ತೋರಿಸಿ ತಿಂಗಳು ತಿಂಗಳೂ ಅದೇ ಗುಳಿಗೆ ತರುವ ರೋಗಿಗೆ ತಾನು ನಿದ್ದೆ ಮಾತ್ರೆ ಸೇವಿಸುತ್ತಿರುವುದೇ ತಿಳಿದಿರುವುದಿಲ್ಲ. ಆರಂಭದ ಅನುಕೂಲಕ್ಕೆಂದು ಇದನ್ನು ಬರೆಯುವುದು ನನಗೆ ಸರಿಕಾಣದು. ಎರಡು ಬೇರೆ ಗುಳಿಗೆಗಳನ್ನು ಕೊಟ್ಟು, ಎರಡನೆಯದನ್ನು ಇಳಿಸತೊಡಗುವ ದಿನಾಂಕವನ್ನು ಚೀಟಿಯಲ್ಲೇ ಬರೆಯುವುದು ಹೆಚ್ಚು ಕಷ್ಟದ ಕೆಲಸವೇನಲ್ಲ.

ಹೀಗೆ ತಿಂಗಳುಗಟ್ಟಲೆ ಸೇವಿಸಿದವರು ವಿಷಯ ತಿಳಿದ ಕೂಡಲೇ ಗಾಬರಿಯಿಂದ ನಿಲ್ಲಿಸಿಬಿಡುವುದೂ ಅಪಾಯವೇ. ಹಠಾತ್ತನೆ ಬಿಟ್ಟರೆ ನಿದ್ದೆಗೇಡು, ನಡುಕ, ಕೆಲವರಲ್ಲಿ ಫಿಟ್ಸ್ ಕೂಡ ಬರಬಹುದು. ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಶೇ 5ರಿಂದ 10ರಷ್ಟು ಇಳಿಸುತ್ತ ಬರುವುದು ಇಂದಿನ ಸಲಹೆ. ಜೋಡಿ ಗುಳಿಗೆಯನ್ನು ಮುರಿದು ಹೀಗೆ ಇಳಿಸಲು ಹೊರಟರೆ ಖಿನ್ನತೆಯ ಔಷಧವೂ ಜೊತೆಯಲ್ಲೇ ಇಳಿಯುತ್ತದೆ. ಆದ್ದರಿಂದ ವೈದ್ಯರು ಮೊದಲು ಎರಡನ್ನೂ ಬೇರೆ ಬೇರೆ ಮಾತ್ರೆಗಳಾಗಿ ಬರೆದುಕೊಟ್ಟು, ಎಸ್ಸಿಟಲೊಪ್ರಾಮ್ ಪ್ರಮಾಣವನ್ನು ಹಾಗೆಯೇ ಉಳಿಸಿ, ಅನಂತರ ಕ್ಲೊನಜೆಪಾಮ್‌ಗೆ ಕೈಹಾಕಬೇಕಾಗುತ್ತದೆ.