ಸೋಬಾನೆ, ಪಲ್ಪರ್, ಜೀರುಂಡೆ: ಒಂದು ರೆಕಾರ್ಡಿಂಗನ್ನು ಮೂರು ಬ್ಯಾಂಡ್ ಮಾಡುವುದು ಹೇಗೆ

ಆಡಾಸಿಟಿ ಅನ್ನುವ ಧ್ವನಿ ತಿದ್ದುವ ಸಾಫ್ಟ್‌ವೇರಿನಲ್ಲಿ ಒಂದು ಫಿಲ್ಟರ್ ಹಾಕುವುದು ಎಲ್ಲರಿಗೂ ಬೇಗ ಬಂದುಬಿಡುತ್ತದೆ. ಆದರೆ ಒಂದು ಧ್ವನಿಯನ್ನು ಎರಡು ಮೂರು ಬ್ಯಾಂಡ್ ಆಗಿ, ಅಂದರೆ ಕೆಳಗಿನ, ಮೇಲಿನ ಫ್ರೀಕ್ವೆನ್ಸಿಯ ಹೋಳುಗಳಾಗಿ ಒಡೆದು, ಒಂದೊಂದನ್ನೂ ಬೇರೆಬೇರೆಯಾಗಿ ಸರಿಮಾಡಿ, ಮತ್ತೆ ಕೂಡಿಸುವುದು ಬೇರೆಯೇ ಕೆಲಸ. ಇಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ. ಒಡೆದ ಮೇಲೆ ಏನನ್ನೂ ಮುಟ್ಟದೆ ಹಾಗೇ ಕೂಡಿಸಿದರೆ, ಮೊದಲಿನ ಧ್ವನಿ ವಾಪಸ್ ಬರುತ್ತದಾ? ಬರದಿದ್ದರೆ ಒಡೆದ ರೀತಿಯೇ ಸರಿಯಿಲ್ಲ. ಮುಂದೆ ಎಷ್ಟು ಕುಸುರಿ ಮಾಡಿದರೂ ದಂಡ. ಈ ಟಿಪ್ಪಣಿಯ ಬಹುಪಾಲು ಅದರ ಬಗ್ಗೆಯೇ ಇದೆ.

ಉದಾಹರಣೆಗೆ ಒಂದು ರೆಕಾರ್ಡಿಂಗ್ ಇಟ್ಟುಕೊಳ್ಳೋಣ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಮನೆ. ಕೊಯ್ಲಿನ ಕಾಲ, ಸಂಜೆ ಹೊತ್ತು. ಅವತ್ತು ಕೊಯ್ದ ಹಣ್ಣು ಪಲ್ಪರ್‌ಗೆ, ಅಂದರೆ ಸಿಪ್ಪೆ ಬಿಡಿಸುವ ಯಂತ್ರಕ್ಕೆ, ಬೀಳುತ್ತಿದೆ, ಮೋಟಾರು ಓಡುತ್ತಿದೆ. ಜಗಲಿಯಲ್ಲಿ ದೊಡ್ಡಮ್ಮ ಸೋಬಾನೆ ಪದ ಹೇಳುತ್ತಿದ್ದಾರೆ. ಸುತ್ತ ಜೀರುಂಡೆ ಸದ್ದು. ಮೊಬೈಲಿನಲ್ಲಿ ಹಿಡಿದದ್ದು. ನಮ್ಮ ಕಡೆ ಇಂಥ ರೆಕಾರ್ಡಿಂಗ್ ಎಷ್ಟೋ ಮನೆಗಳಲ್ಲಿ ಸಿಗುತ್ತವೆ. ಹಾಡು ಇನ್ನೊಮ್ಮೆ ಸಿಗದೇ ಹೋಗಬಹುದು, ಹಾಗಾಗಿ ಇದ್ದದ್ದನ್ನೇ ಜೋಪಾನವಾಗಿ ಸರಿಮಾಡಬೇಕು.

ಫೈಲನ್ನು ವಾಟ್ಸಾಪಿನಲ್ಲಿ ವಾಯ್ಸ್ ಮೆಸೇಜ್ ಆಗಿ ತರಿಸಿಕೊಳ್ಳಬೇಡಿ. ಅದು ಕುಗ್ಗಿಯೇ ಬರುತ್ತದೆ, ಮೇಲಿನ ಫ್ರೀಕ್ವೆನ್ಸಿ ಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೇ ಬರುತ್ತದೆ. ಕೇಬಲ್ ಹಾಕಿ ತೆಗೆದರಂತೂ ಇನ್ನೂ ಒಳ್ಳೆಯದು.

ಎಲ್ಲಿ ಒಡೆಯಬೇಕು?

ಫ್ರೀಕ್ವೆನ್ಸಿ ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಲೆಕ್ಕ, ಅದರ ಅಳತೆ ಹರ್ಟ್ಸ್. ಮನುಷ್ಯರ ಕಿವಿಗೆ ಕೇಳಿಸುವುದು ಸುಮಾರು 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗೆ. ಇದನ್ನು ಸ್ಥಾಯಿಯ ಲೆಕ್ಕದಲ್ಲಿ ನೋಡುವುದು ಅನುಕೂಲ. ಮಧ್ಯ ಸ್ಥಾಯಿಯ ಸ-ದಿಂದ ತಾರ ಸ್ಥಾಯಿಯ ಸ-ಗೆ ಹೋದರೆ ಫ್ರೀಕ್ವೆನ್ಸಿ ಎರಡರಷ್ಟಾಗುತ್ತದೆ. 20ನ್ನು ಹೀಗೆ ದುಪ್ಪಟ್ಟು ಮಾಡುತ್ತಾ ಹೋದರೆ ಹತ್ತು ಸ್ಥಾಯಿಯಲ್ಲಿ 20,000 ದಾಟುತ್ತೇವೆ. 150ರಿಂದ 300ಕ್ಕೆ ಒಂದು ಸ್ಥಾಯಿ, 4000ದಿಂದ 8000ಕ್ಕೂ ಒಂದೇ ಸ್ಥಾಯಿ. ಕಿವಿಯ ಅಳತೆ ಹೆಚ್ಚುಕಡಿಮೆ ಇದೇ.

ನಮ್ಮ ಕ್ಲಿಪ್‌ನಲ್ಲಿ ಮೋಟಾರಿನ ಗುಂಯ್ ಸದ್ದು 100 ಹರ್ಟ್ಸ್‌ನಲ್ಲಿದೆ. ನಮ್ಮ ಕರೆಂಟ್ 50 ಹರ್ಟ್ಸ್‌ನದು. ಪ್ರತಿ ಸುತ್ತಿನಲ್ಲೂ ಆಯಸ್ಕಾಂತದ ಎಳೆತ ಎರಡು ಸಲ ಆಗುವುದರಿಂದ ಕಬ್ಬಿಣ 100 ಹರ್ಟ್ಸ್‌ನಲ್ಲಿ ನಡುಗುತ್ತದೆ. ಅದರ ಮೇಲೆ 200, 300 ಅಂತ ಮರಿಗಳೂ ಇರುತ್ತವೆ. ದೊಡ್ಡಮ್ಮನ ಹಾಡಿನ ಮೂಲ ಸ್ವರ 200ಕ್ಕಿಂತ ಮೇಲೆ ಓಡಾಡುತ್ತದೆ. ಜೀರುಂಡೆ ಸದ್ದು 4000ಕ್ಕಿಂತ ಮೇಲೆ ಒಂದು ಚೂಪಾದ ಗುಡ್ಡದ ಹಾಗೆ ಕಾಣುತ್ತದೆ. ಇದನ್ನೆಲ್ಲ ಊಹೆಯಲ್ಲಿ ಹೇಳಬಾರದು. ಅನಲೈಜ್ ಮೆನುವಿನ ಪ್ಲಾಟ್ ಸ್ಪೆಕ್ಟ್ರಮ್ ತೆರೆದು ನಿಮ್ಮ ಕ್ಲಿಪ್‌ನಲ್ಲಿ ಏನು ಎಲ್ಲಿದೆ ಅಂತ ನೋಡಿ, ಆಮೇಲೆ ಗಡಿ ಹಾಕಿ. ಈ ಕ್ಲಿಪ್‌ಗೆ 150 ಮತ್ತು 4000 ಸರಿಹೋಗುತ್ತದೆ.

ಗಡಿ ಅಂದರೆ ಗೋಡೆ ಅಲ್ಲ

ಕಾಫಿ ಬೀಜವನ್ನು ಎಎ, ಎ, ಬಿ ಅಂತ ವಿಂಗಡಿಸುವ ಜರಡಿ ನೋಡಿದ್ದೀರಲ್ವಾ? ಬೀಜ ತೂತಿನಲ್ಲಿ ಇಳಿಯುತ್ತದೆ, ಇಲ್ಲಾ ಮೇಲೆ ಉಳಿಯುತ್ತದೆ. ಫಿಲ್ಟರ್ ಹಾಗಲ್ಲ. 150ಕ್ಕೆ ಗಡಿ ಹಾಕಿದರೆ 149 ಪೂರ್ತಿ ಕೆಳಗೆ, 151 ಪೂರ್ತಿ ಮೇಲೆ ಅಂತ ಆಗುವುದಿಲ್ಲ. ಒಂದೇ ಫ್ರೀಕ್ವೆನ್ಸಿ ಎರಡೂ ಕಡೆ ಪಾಲಾಗುತ್ತದೆ. ಗಡಿಯಿಂದ ದೂರ ಹೋದಷ್ಟೂ ಒಂದು ಕಡೆಯ ಪಾಲು ಕರಗುತ್ತದೆ. ಎಷ್ಟು ಬೇಗ ಕರಗುತ್ತದೆ ಅನ್ನುವುದೇ ರೋಲ್-ಆಫ್. ಅದನ್ನು ಒಂದು ಸ್ಥಾಯಿಗೆ ಇಷ್ಟು ಡೆಸಿಬೆಲ್ (ಡಿಬಿ, ಧ್ವನಿಯ ಮಟ್ಟದ ಅಳತೆ) ಅಂತ ಹೇಳುತ್ತಾರೆ. ಆಡಾಸಿಟಿಯಲ್ಲಿ 6, 12, 24, 36, 48 ಅಂತ ಸಿಗುತ್ತದೆ.

ಜಾಸ್ತಿ ಕಡಿದಾಗಿದ್ದಷ್ಟೂ ಒಳ್ಳೆಯದು ಅಂತ ಅನ್ನಿಸುವುದು ಸಹಜ. ಆದರೆ ಕೂಡಿಸುವಾಗ ಲೆಕ್ಕ ಬೇರೆಯಾಗುತ್ತದೆ. ಇದನ್ನು ಓದಿ ನಂಬುವುದಕ್ಕಿಂತ ಮಾಡಿ ನೋಡುವುದು ಮೇಲು.

ಹೊಸ ಪ್ರಾಜೆಕ್ಟ್ ತೆರೆಯಿರಿ. ಜನರೇಟ್ ಮೆನುವಿನಲ್ಲಿ ನಾಯ್ಸ್ ಆರಿಸಿ, ವೈಟ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿಯೂ ಸಮವಾಗಿರುವ ಸದ್ದು) 30 ಸೆಕೆಂಡ್ ಮಾಡಿ. ಕಂಟ್ರೋಲ್ ಮತ್ತು ಡಿ ಒತ್ತಿ ಅದರ ಇನ್ನೊಂದು ಪ್ರತಿ ತೆಗೆಯಿರಿ. ಒಂದಕ್ಕೆ ಲೋ-ಪಾಸ್ ಫಿಲ್ಟರ್ (ಗಡಿಯ ಕೆಳಗಿನದನ್ನು ಬಿಡುವುದು), 1000 ಹರ್ಟ್ಸ್, 12 ಡಿಬಿ. ಇನ್ನೊಂದಕ್ಕೆ ಹೈ-ಪಾಸ್ (ಮೇಲಿನದನ್ನು ಬಿಡುವುದು), ಅದೇ 1000, ಅದೇ 12. ಎರಡನ್ನೂ ಆರಿಸಿ ಮಿಕ್ಸ್ ಮಾಡಿ, ಪ್ಲಾಟ್ ಸ್ಪೆಕ್ಟ್ರಮ್ ನೋಡಿ. ಸಮತಟ್ಟಾಗಿ ಇರಬೇಕಾದ ಗೆರೆಯಲ್ಲಿ 1000ದ ಹತ್ತಿರ ದೊಡ್ಡ ಗುಂಡಿ ಬಿದ್ದಿರುತ್ತದೆ.

ಏಕೆ? ಈ ಫಿಲ್ಟರ್‌ಗಳು ಬಟರ್‌ವರ್ತ್ ಜಾತಿಯವು. ಸ್ಟೀಫನ್ ಬಟರ್‌ವರ್ತ್ ಅನ್ನುವ ಇಂಗ್ಲಿಷ್ ಎಂಜಿನಿಯರ್ 1930ರಲ್ಲಿ ವಿವರಿಸಿದ ಬಗೆ. ಫಿಲ್ಟರ್ ಧ್ವನಿಯ ಮಟ್ಟವನ್ನು ಮಾತ್ರ ಇಳಿಸುವುದಿಲ್ಲ, ಅಲೆಯನ್ನು ಸ್ವಲ್ಪ ಹಿಂದೆಮುಂದೆ ಸರಿಸುತ್ತದೆ. 12 ಡಿಬಿಯ ಲೋ-ಪಾಸ್ ಗಡಿಯಲ್ಲಿ ಅಲೆಯನ್ನು 90 ಡಿಗ್ರಿ ಹಿಂದಕ್ಕೆ ತಳ್ಳುತ್ತದೆ. ಹೈ-ಪಾಸ್ 90 ಡಿಗ್ರಿ ಮುಂದಕ್ಕೆ ತಳ್ಳುತ್ತದೆ. ನಡುವೆ 180 ಡಿಗ್ರಿ ಅಂತರ. ಒಂದು ಮೇಲೇರುವಾಗ ಇನ್ನೊಂದು ಇಳಿಯುತ್ತದೆ, ಎರಡೂ ಪರಸ್ಪರ ಅಳಿಸಿಕೊಳ್ಳುತ್ತವೆ. ಒಂದನ್ನು ಇನ್ವರ್ಟ್ ಮಾಡಿ, ಅಂದರೆ ಅಲೆಯನ್ನು ತಲೆಕೆಳಗು ಮಾಡಿ, ಕೂಡಿಸಿದರೆ ಗುಂಡಿ ಹೋಗುತ್ತದೆ, ಬದಲಿಗೆ 3 ಡಿಬಿಯ ದಿಬ್ಬ ಏಳುತ್ತದೆ. ನೇರವಾಗಿ 24 ಡಿಬಿ ಆರಿಸಿದರೂ ಅದೇ ದಿಬ್ಬ.

ಈಗ ಇನ್ನೊಂದು ರೀತಿ ಮಾಡಿ. 12 ಡಿಬಿಯ ಲೋ-ಪಾಸನ್ನು ಒಂದೇ ಟ್ರ್ಯಾಕಿಗೆ ಎರಡು ಸಲ ಹಾಕಿ. ಎರಡನೇ ಸಲಕ್ಕೆ ಕಂಟ್ರೋಲ್ ಮತ್ತು ಆರ್ ಒತ್ತಿದರೆ ಸಾಕು. ಹೈ-ಪಾಸ್ ಟ್ರ್ಯಾಕಿಗೂ ಹಾಗೇ ಎರಡು ಸಲ. ಕೂಡಿಸಿ ನೋಡಿ. ಗುಂಡಿಯೂ ಇಲ್ಲ, ದಿಬ್ಬವೂ ಇಲ್ಲ.

ಇದಕ್ಕೆ ಲಿಂಕ್ವಿಟ್ಜ್-ರೈಲಿ ಕ್ರಾಸೋವರ್ ಅಂತ ಹೆಸರು. ಹ್ಯೂಲೆಟ್ ಪ್ಯಾಕರ್ಡ್‌ನ ಎಂಜಿನಿಯರ್‌ಗಳಾದ ಸೀಗ್‌ಫ್ರೀಡ್ ಲಿಂಕ್ವಿಟ್ಜ್ ಮತ್ತು ರಸ್ ರೈಲಿ ಇದರ ಹಿಂದಿದ್ದವರು. ಲಿಂಕ್ವಿಟ್ಜ್ 1976ರಲ್ಲಿ ಪ್ರಕಟಿಸಿದ ಬರಹದಿಂದ ಇದು ಬೆಳಕಿಗೆ ಬಂತು. ಅವರ ಚಿಂತೆ ಸ್ಪೀಕರ್ ಪೆಟ್ಟಿಗೆಯದು: ದೊಡ್ಡ ಸ್ಪೀಕರಿಗೆ ಕೆಳಗಿನ ಧ್ವನಿ, ಸಣ್ಣದಕ್ಕೆ ಮೇಲಿನದು ಹಂಚಬೇಕು, ಕೇಳುವವರಿಗೆ ಒಂದೇ ಧ್ವನಿಯಾಗಿ ಕೇಳಬೇಕು. ನಮ್ಮ ಸಾಫ್ಟ್‌ವೇರ್ ಕೆಲಸಕ್ಕೂ ಅದೇ ಲೆಕ್ಕ ಹೊಂದುತ್ತದೆ.

ಲೆಕ್ಕ ತುಂಬಾ ಚೆಂದ ಇದೆ, ಕೈಯಲ್ಲೇ ಮಾಡಬಹುದು. ಫ್ರೀಕ್ವೆನ್ಸಿಯನ್ನು ಗಡಿಯಿಂದ ಭಾಗಿಸಿ. ಬಂದದ್ದನ್ನು ನಾಲ್ಕು ಸಲ ಬರೆದು ಗುಣಿಸಿದ ಬೆಲೆ, ಅಂದರೆ ನಾಲ್ಕನೇ ಘಾತ, ತೆಗೆಯಿರಿ. ಅದನ್ನು ಕ ಅನ್ನೋಣ. ಕೆಳಗಿನ ಬ್ಯಾಂಡಿನ ಪಾಲು 1 ಭಾಗಿಸು (1 + ಕ). ಮೇಲಿನ ಬ್ಯಾಂಡಿನ ಪಾಲು ಕ ಭಾಗಿಸು (1 + ಕ). ಎರಡನ್ನೂ ಕೂಡಿಸಿದರೆ ಯಾವಾಗಲೂ 1. ಎರಡೂ ಅಲೆ ಒಂದೇ ಹೆಜ್ಜೆಯಲ್ಲಿ ಇರುವುದರಿಂದ ಹೀಗೆ ನೇರವಾಗಿ ಕೂಡಿಸಬಹುದು.

ನಮ್ಮ ಪಲ್ಪರ್ ಮೋಟಾರಿನ 100 ಹರ್ಟ್ಸ್‌ಗೆ ಹಾಕಿ ನೋಡಿ. ಗಡಿ 150. 100ನ್ನು 150ರಿಂದ ಭಾಗಿಸಿದರೆ 2/3. ನಾಲ್ಕನೇ ಘಾತ 16/81. ಕೆಳಗಿನ ಬ್ಯಾಂಡಿಗೆ 81/97, ಹಾಡಿನ ಬ್ಯಾಂಡಿಗೆ 16/97. ಅಂದರೆ ಗುಂಯ್ ಸದ್ದಿನ ಆರನೇ ಒಂದು ಭಾಗ ಹಾಡಿನ ಬ್ಯಾಂಡಿನಲ್ಲಿ ಉಳಿಯುತ್ತದೆ, ಸುಮಾರು 16 ಡಿಬಿ ಇಳಿಕೆ. ಇನ್ನು ಅದರ ಮರಿ, 200 ಹರ್ಟ್ಸ್? ಅದರ ಮುಕ್ಕಾಲು ಪಾಲು ಹಾಡಿನ ಜೊತೆಗೇ ಇರುತ್ತದೆ. ಗಡಿಯನ್ನು ಮೇಲಕ್ಕೆ ಏರಿಸಿದರೆ ಅದೂ ಕೆಳಗೆ ಬರುತ್ತದೆ, ಆದರೆ ದೊಡ್ಡಮ್ಮನ ದನಿಯ ಮೈಯೂ ಅದರ ಜೊತೆ ಹೋಗುತ್ತದೆ. ಇಂಥ ಕಡೆ ಬ್ಯಾಂಡ್ ಬೇಡ. 200ಕ್ಕೆ, 300ಕ್ಕೆ ಅಂತ ಕಿರಿದಾದ ನಾಚ್ ಫಿಲ್ಟರ್ (ಆ ಒಂದು ಜಾಗವನ್ನಷ್ಟೇ ಇಳಿಸುವುದು) ಬೇರೆಯಾಗಿ ಹಾಕುವುದು ಸರಿ.

ಕ್ಲಿಪ್ ಮೇಲೆ ಮಾಡುವಾಗ

ಮೊದಲು 4000ಕ್ಕೆ ಎರಡು ಹೋಳು ಮಾಡಿ. ಕೆಳಗಿನ ಹೋಳನ್ನು 150ಕ್ಕೆ ಮತ್ತೆ ಎರಡು ಮಾಡಿ. ಪ್ರತಿಯೊಂದಕ್ಕೂ 12 ಡಿಬಿ ಎರಡು ಸಲ. ಮೂರು ಟ್ರ್ಯಾಕ್ ಸಿಗುತ್ತವೆ. ಮೂಲ ಟ್ರ್ಯಾಕನ್ನು ಮ್ಯೂಟ್ ಮಾಡಿ ಅಲ್ಲೇ ಇಟ್ಟುಕೊಳ್ಳಿ.

ಈಗ ಒಂದೊಂದನ್ನೇ ಸೋಲೋ ಒತ್ತಿ ಕೇಳಿ. ಇದನ್ನು ಅವಸರದಲ್ಲಿ ಮಾಡಬೇಡಿ. ಕೆಳಗಿನದರಲ್ಲಿ ಮೋಟಾರು, ಯಾರೋ ಜಗಲಿಯಲ್ಲಿ ನಡೆದ ಧಪ್ ಧಪ್, ಮೈಕಿಗೆ ಬಡಿದ ಗಾಳಿ. ನಡುವಿನದರಲ್ಲಿ ಹಾಡು. ಆದರೆ ಕಿವಿಗೊಟ್ಟು ಕೇಳಿ: ‘ಸೋಬಾನೆ’ಯ ಸೋ ಮಂಕಾಗಿದೆ, ಹಲ್ಲಿಲ್ಲದ ಬಾಯಿಂದ ಬಂದಂತೆ ಥೋ, ಫೋ ಅನ್ನುವುದಕ್ಕೆ ಹತ್ತಿರವಾಗಿದೆ. ಮೇಲಿನ ಟ್ರ್ಯಾಕ್ ಹಾಕಿದರೆ ಕಳೆದುಹೋದದ್ದು ಅಲ್ಲಿ ಸಿಗುತ್ತದೆ. ಜೀರುಂಡೆ ಸದ್ದಿನ ನಡುವೆ ಸ್, ಶ್ ಅಂತ ಬರೀ ಉಸಿರು, ಹಾಡಿನ ತಾಳಕ್ಕೆ ಸರಿಯಾಗಿ ಬರುತ್ತಿರುತ್ತದೆ. ಸ ಅಕ್ಷರದ ಉಸಿರಿನ ಸದ್ದು ಬಹುಪಾಲು 4000ಕ್ಕಿಂತ ಮೇಲಿದೆ. ಹಳೇ ಲ್ಯಾಂಡ್‌ಲೈನ್ ಫೋನು 300ರಿಂದ 3400 ಹರ್ಟ್ಸ್ ಮಾತ್ರ ಸಾಗಿಸುತ್ತಿತ್ತು. ಅದರಲ್ಲಿ ಹೆಸರು ಹೇಳುವಾಗ ಸ, ಫ ಗೊಂದಲ ಆಗುತ್ತಿದ್ದದ್ದು ಇದಕ್ಕೇ.

ಹಾಗಾಗಿ ಮೇಲಿನ ಬ್ಯಾಂಡನ್ನು ಪೂರ್ತಿ ಅಳಿಸುವುದು ನನಗೆ ಒಪ್ಪಿಗೆಯಿಲ್ಲ. 6ರಿಂದ 8 ಡಿಬಿ ಇಳಿಸಿ, ಸಾಕು. ಜೀರುಂಡೆ ಹಿಂದಕ್ಕೆ ಸರಿಯುತ್ತದೆ, ಅಕ್ಷರ ಉಳಿಯುತ್ತದೆ. ಅದು ತೋಟದ ಮನೆಯ ಸಂಜೆ ಅಂತ ಗೊತ್ತಾಗುವುದೂ ಆ ಸದ್ದಿನಿಂದಲೇ ಅಲ್ವಾ. ಕೆಳಗಿನ ಬ್ಯಾಂಡನ್ನು ಮಾತ್ರ ಧಾರಾಳವಾಗಿ ಇಳಿಸಬಹುದು, ಅಲ್ಲಿ ಹಾಡಿನದು ಹೆಚ್ಚೇನೂ ಇಲ್ಲ. ಒಂದೊಂದು ಬ್ಯಾಂಡನ್ನೂ ಸುಮ್ನೆ ನಾರ್ಮಲೈಜ್ ಮಾಡಬೇಡಿ, ಅಂದರೆ ಒಂದೇ ಗರಿಷ್ಠ ಮಟ್ಟಕ್ಕೆ ಏರಿಸಬೇಡಿ. ಮೂರರ ನಡುವಿನ ಅಳತೆಯೇ ಕೆಟ್ಟುಹೋಗುತ್ತದೆ.

ಮೂರು ಬ್ಯಾಂಡ್ ಮಾಡುವಾಗ ಇನ್ನೊಂದು ಸೂಕ್ಷ್ಮ ಇದೆ. ಮೇಲಿನ ಬ್ಯಾಂಡ್ 150ರ ಫಿಲ್ಟರ್ ಒಳಗೆ ಹೋಗಿ ಬಂದಿಲ್ಲ, ಹಾಗಾಗಿ ಅದರ ಅಲೆ ಉಳಿದೆರಡರ ಹಾಗೆ ಸರಿದಿರುವುದಿಲ್ಲ. ಇಲ್ಲಿ ಎರಡು ಗಡಿಗಳ ನಡುವೆ ನಾಲ್ಕೂವರೆ ಸ್ಥಾಯಿಗಿಂತ ಜಾಸ್ತಿ ದೂರ ಇರುವುದರಿಂದ ವ್ಯತ್ಯಾಸ ಕಾಣುವುದಿಲ್ಲ. ಗಡಿಗಳು ಹತ್ತಿರ ಇದ್ದರೆ ಕಾಣುತ್ತದೆ. ಆಗ ಅದನ್ನು ಸರಿದೂಗಿಸುವ ಆಲ್-ಪಾಸ್ ಫಿಲ್ಟರ್ ಬೇಕು. ಇದನ್ನೆಲ್ಲ ಕೈಯಲ್ಲಿ ಮಾಡುವುದು ಬೇಡ ಅನ್ನುವವರಿಗೆ ಎಫ್‌ಎಫ್‌ಎಂಪೆಗ್ ಅನ್ನುವ ಕಮಾಂಡ್ ಬರೆದು ಬಳಸುವ ಸಾಫ್ಟ್‌ವೇರಿನಲ್ಲಿ ಎಕ್ರಾಸೋವರ್ (acrossover) ಅನ್ನುವ ಫಿಲ್ಟರ್ ಇದೆ. 150, 4000 ಅಂತ ಎರಡು ಸಂಖ್ಯೆ ಕೊಟ್ಟರೆ ಮೂರು ಧಾರೆ ಹೊರಬರುತ್ತವೆ. ಕೂಡಿಸಿದರೆ ಸಮತಟ್ಟಾಗಿ ಬರುವಂತೆ ಮಾಡಿದ್ದಾರೆ. ಕಲಿಯುವಾಗ ಮಾತ್ರ ಆಡಾಸಿಟಿಯಲ್ಲೇ ಮಾಡಿ.

ಕಳೆದು ನೋಡುವ ಪರೀಕ್ಷೆ

ಮೂಲವನ್ನು ಇನ್ವರ್ಟ್ ಮಾಡಿ, ಕೂಡಿಸಿದ ಟ್ರ್ಯಾಕಿನ ಜೊತೆ ಬೆರೆಸಿದರೆ ಪೂರ್ತಿ ಮೌನ ಬರಬೇಕು ಅಂತ ಅನೇಕರು ಹೇಳುತ್ತಾರೆ. ಲಿಂಕ್ವಿಟ್ಜ್-ರೈಲಿಯಲ್ಲಿ ಮೌನ ಬರುವುದಿಲ್ಲ. ಹೆದರಬೇಡಿ. ಪ್ರತಿ ಫ್ರೀಕ್ವೆನ್ಸಿಯ ಮಟ್ಟ ಸರಿಯಾಗಿಯೇ ಇದೆ, ಅಲೆ ಮಾತ್ರ ಸರಿದಿದೆ. ಇದಕ್ಕೆ ಸರಿಯಾದ ಪರೀಕ್ಷೆ ವೈಟ್ ನಾಯ್ಸ್ ಮತ್ತು ಸ್ಪೆಕ್ಟ್ರಮ್.

ಮೌನವೇ ಬೇಕಿದ್ದರೆ ದಾರಿ ಬೇರೆ. ಫಿಲ್ಟರ್ ಕರ್ವ್ ಈಕ್ಯೂ ಅಲೆಯನ್ನು ಸರಿಸದೆ ಕೆಲಸ ಮಾಡುತ್ತದೆ. ಅದರಲ್ಲಿ ಕೆಳಗಿನ ಬ್ಯಾಂಡ್ ತೆಗೆಯಿರಿ, ಅದನ್ನು ಮೂಲದಿಂದ ಕಳೆಯಿರಿ, ಉಳಿದದ್ದೇ ಮೇಲಿನ ಬ್ಯಾಂಡ್. ಆದರೆ ತುಂಬಾ ಕಡಿದಾದ ಕರ್ವ್ ಹಾಕಿದರೆ ಮೃದಂಗದ ಪೆಟ್ಟಿಗೆ ಮೊದಲೇ ಅದರದೊಂದು ಸಣ್ಣ ನೆರಳು ಕೇಳಿಸುತ್ತದೆ. ಮಾಮೂಲಿ ಲೋ-ಪಾಸ್ ಹಾಕಿ ಹೀಗೆ ಕಳೆಯಲು ಹೋಗಬೇಡಿ. ಕೂಡಿಸಿದಾಗ ಸರಿ ಬರುತ್ತದೆ ನಿಜ, ಆದರೆ 12 ಡಿಬಿಯ ಲೋ-ಪಾಸ್ ಕಳೆದರೂ ಉಳಿದ ಬ್ಯಾಂಡಿನ ಇಳಿಜಾರು ಬರೀ 6 ಡಿಬಿಯದಾಗುತ್ತದೆ, ಮೋಟಾರು ಅಲ್ಲೇ ಕೂತಿರುತ್ತದೆ.

ಬ್ಯಾಂಡ್ ಅಂದರೆ ವಾದ್ಯ ಅಲ್ಲ

ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಕಾವೇರಿ ದಂಡೆಯ ಸಂಗೀತಗಾರರ ಊರು. ತಂಬೂರಿ ಆಕಾರದ ದೇವಸ್ಥಾನ ಇರುವುದೂ ಅಲ್ಲೇ. ಅಂಥ ಕಡೆ ಹಿಡಿದ ಕಚೇರಿಯ ರೆಕಾರ್ಡಿಂಗ್ ತಂದು ‘ತಂಬೂರಿ ಒಂದು ಬ್ಯಾಂಡ್, ಗಾಯನ ಒಂದು ಬ್ಯಾಂಡ್ ಮಾಡಿಕೊಡಿ’ ಅಂದರೆ ಆಗುವುದಿಲ್ಲ. ಗಾಯಕರ ಸ 140 ಹರ್ಟ್ಸ್ ಅಂತ ಇಟ್ಟುಕೊಳ್ಳಿ. ಅದರ ಮೇಲಿನ ಸ್ವರಗಳು 280, 420, 560. ಶ್ರುತಿ ಸೇರಿಸಿದ ತಂಬೂರಿಯಲ್ಲೂ ಅದೇ 140, 280, 420, 560. ಶ್ರುತಿ ಸೇರಿದೆ ಅಂದರೆ ಇಬ್ಬರೂ ಒಂದೇ ಜಾಗದಲ್ಲಿ ನಿಂತಿದ್ದಾರೆ ಅಂತಲೇ ಅರ್ಥ. ಯಾವ ಗಡಿ ಹಾಕಿ ಬಿಡಿಸುತ್ತೀರಿ?

ಮೃದಂಗವೂ ಹಾಗೇ. ಎಡಗಡೆಯ ಗುಂ ಕೆಳಗಿದೆ, ಬಲಗಡೆಯ ನಾದ ಮೇಲಿದೆ. ಸಾಮಾನ್ಯ ಚರ್ಮವಾದ್ಯದ ಮೇಲ್ಸ್ವರಗಳು ಅಡ್ಡಾದಿಡ್ಡಿ ಇರುತ್ತವೆ. ಬಲಗಡೆ ಕರಣೆ (ಕಪ್ಪು ಲೇಪ) ಹಚ್ಚಿದ ನಮ್ಮ ವಾದ್ಯಗಳಲ್ಲಿ ತಂತಿಯ ಹಾಗೆ ಸಾಲಾಗಿ ಬರುತ್ತವೆ. ಸಿ. ವಿ. ರಾಮನ್ 1920ರಲ್ಲೇ ನೇಚರ್ ಪತ್ರಿಕೆಯಲ್ಲಿ ಇದನ್ನು ತೋರಿಸಿದ್ದರು. ಅಂದರೆ ಮೃದಂಗವೂ ಗಾಯನದ ಸ್ವರಗಳ ನಡುವೆಯೇ ಕೂರುತ್ತದೆ.

ವಾದ್ಯ ಬಿಡಿಸಲು ಸ್ಪ್ಲೀಟರ್, ಡೆಮ್ಯೂಕ್ಸ್ ಥರದ, ಸಾವಿರಾರು ಹಾಡು ಕೇಳಿಸಿ ಕಂಪ್ಯೂಟರಿಗೆ ಕಲಿಸಿದ ಮಾದರಿಗಳಿವೆ. ಸ್ಪ್ಲೀಟರನ್ನು ಡೀಜರ್ ಕಂಪನಿ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅವು ಗಾಯನ, ಡ್ರಮ್ಸ್, ಬೇಸ್, ಉಳಿದದ್ದು ಅಂತ ಊಹಿಸಿ ಬಿಡಿಸುತ್ತವೆ. ತಂಬೂರಿಗೆ ಅಲ್ಲಿ ಜಾಗವೇ ಇಲ್ಲ, ‘ಉಳಿದದ್ದು’ ಅನ್ನುವುದಕ್ಕೆ ಸೇರಬೇಕು. ಅದು ಬೇರೆ ವಿದ್ಯೆ, ಬೇರೆ ಟಿಪ್ಪಣಿಗೆ ಬಿಡೋಣ.

ಫೈಲ್ ಉಳಿಸುವಾಗ ಮೂರು ಬ್ಯಾಂಡನ್ನೂ ವೇವ್ ಆಗಿಯೇ ಉಳಿಸಿ, ಎಂಪಿ3 ಬೇಡ. ಮೂರೂ ಒಂದೇ ಕ್ಷಣದಿಂದ ಶುರುವಾಗಬೇಕು, ಶುರುವಿನ ಮೌನವನ್ನು ಕತ್ತರಿಸಬೇಡಿ. ಫೈಲಿನ ಹೆಸರಿನಲ್ಲೇ 150, 4000, ‘12 ಡಿಬಿ ಎರಡು ಸಲ’ ಅಂತ ಬರೆದಿಡಿ. ಮುಂದಿನ ವರ್ಷ ಇನ್ಯಾರೋ ತೆರೆದರೂ ಹೇಗೆ ಒಡೆದದ್ದು ಅಂತ ಗೊತ್ತಾಗುತ್ತದೆ.