ಮುದ್ದೇಬಿಹಾಳದ ಜಾಗದಲ್ಲಿ ಹನ್ನೊಂದು ಪ್ರಶ್ನಾರ್ಥಕ ಚಿಹ್ನೆ

"ಕನ್ನಡ ಕೆಟ್ಟೈತ್ರಿ, ಸ್ವಲ್ಪ ನೋಡ್ರಿ." ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಪತ್ತಿನ ಸಹಕಾರಿ ಸಂಘಗಳು, ಅಡತ ಅಂಗಡಿಗಳು, ಆಸ್ಪತ್ರೆಯ ಬಿಲ್ಲಿಂಗ್ ಕೌಂಟರ್‌ಗಳು ಬಳಸುವ ಡೆಸ್ಕ್‌ಟಾಪ್ ಸಾಫ್ಟ್‌ವೇರ್ ಬಗ್ಗೆ ಬರುವ ದೂರು ಸಾಮಾನ್ಯವಾಗಿ ಇಷ್ಟೇ ಉದ್ದ. ಕೆಟ್ಟಿರುವುದು ಕನ್ನಡವಲ್ಲ. ಏನು ಕೆಟ್ಟಿದೆ ಎಂದು ಹೇಳಲು ಮೊದಲು ಪರದೆಯ ಮೇಲೆ ಕಾಣುತ್ತಿರುವುದು ಏನೆಂದು ಕೇಳಬೇಕು.

ಅಕ್ಷರದ ಜಾಗದಲ್ಲಿ ಚೌಕ ಡಬ್ಬಿಗಳು ಬಂದರೆ ಮಾಹಿತಿ ಸುರಕ್ಷಿತವಾಗಿದೆ, ಆ ಕಂಪ್ಯೂಟರಿನಲ್ಲಿ ಫಾಂಟ್ ಮಾತ್ರ ಇಲ್ಲ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬಂದರೆ ತೋರಿಸುವಾಗಲೋ ಉಳಿಸುವಾಗಲೋ ಅಕ್ಷರಗಳೇ ಕಳೆದುಹೋಗಿವೆ, ಯಾವ ಫಾಂಟ್ ಹಾಕಿದರೂ ಮರಳಿ ಬರುವುದಿಲ್ಲ. ತಲೆ ಮೇಲೆ ಗೀಟು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳು ಮುತ್ತಿಕೊಂಡಿದ್ದರೆ ಅದು ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಕಾಲದ ದತ್ತಾಂಶ. ಅಕ್ಷರ ಸರಿಯಿದ್ದು ಕೆಳಗಿನ ಒತ್ತು ಮಾತ್ರ ಅರ್ಧ ಕತ್ತರಿಸಿ ಹೋಗಿದ್ದರೆ, ಅಪ್ಲಿಕೇಶನ್ ಬರೆದಾಗ ಪೆಟ್ಟಿಗೆಯ ಎತ್ತರವನ್ನು ಇಂಗ್ಲಿಷಿಗೆ ಅಳೆದು ಇಟ್ಟಿದ್ದಾರೆ. ಈ ನಾಲ್ಕಕ್ಕೂ "ಫಾಂಟ್ ಹಾಕಿ ನೋಡ್ರಿ" ಎಂಬ ಒಂದೇ ಉತ್ತರ ಕೊಡುವ ರೂಢಿ ಬೆಳೆದುಬಂದಿದೆ. ಆ ಉತ್ತರ ಪೂರ್ತಿ ಸರಿಹೊಂದುವುದು ಮೊದಲನೆಯದಕ್ಕೆ ಮಾತ್ರ. ಮೂರನೆಯದರಲ್ಲಿ ಹಳೆ ಫಾಂಟ್ ಹಾಕಿದರೆ ಕಣ್ಣಿಗೆ ಕನ್ನಡ ಕಾಣುತ್ತದೆ, ಒಳಗಿನ ದತ್ತಾಂಶ ಬದಲಾಗುವುದಿಲ್ಲ.

ಡಾಸ್ ಕಾಲವನ್ನು ಒಂದೇ ಮಾತಿನಲ್ಲಿ ಮುಗಿಸಬಹುದು: ಪರದೆ ಇಂಗ್ಲಿಷ್, ಪ್ರಿಂಟು ಇಂಗ್ಲಿಷ್, ಎಲ್ಲೋ ಕೆಲವು ಕಡೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿದ ಯಂತ್ರಗಳಲ್ಲಿ ಭಾರತೀಯ ಲಿಪಿ. 1991ರಲ್ಲಿ ಭಾರತೀಯ ಲಿಪಿಗಳನ್ನು ಕಂಪ್ಯೂಟರಿನಲ್ಲಿ ಇಡಲು ಇಸ್ಕಿ ಎಂಬ ಭಾರತೀಯ ಮಾನಕ ಬಂತು, ಅದೇ ವರ್ಷ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿಯೂ ಬಂತು. ಎರಡರಲ್ಲೂ ಕನ್ನಡಕ್ಕೆ ಜಾಗವಿತ್ತು. ಆದರೆ ಕಚೇರಿಯ ಮೇಜಿನ ಮೇಲೆ ಮುಂದಿನ ಹತ್ತು-ಹದಿನೈದು ವರ್ಷ ಓಡಿದ್ದು ಇವೆರಡೂ ಅಲ್ಲ.

ಫಾಂಟ್ ಎಂಬ ವೇಷ

1998ರಲ್ಲಿ ಎರಡು ಸಂಗತಿ ಕೂಡಿಬಂದವು. ಬರಹ ತಂತ್ರಾಂಶ ಹೊರಬಂತು. ವಿಂಡೋಸ್ ಸಾಫ್ಟ್‌ವೇರ್ ಬರೆಯುವ ಸಾಧನವಾದ ಮೈಕ್ರೋಸಾಫ್ಟ್ ವಿಷುವಲ್ ಬೇಸಿಕ್ (ವಿಬಿ) 6 ಬಿಡುಗಡೆಯಾಯಿತು. ಸ್ವಲ್ಪ ಕಾಲದಲ್ಲೇ ಕನ್ನಡ ಗಣಕ ಪರಿಷತ್ತಿನ ನುಡಿ, ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸದೊಂದಿಗೆ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ವಿಬಿ 6ರಲ್ಲಿ ಫಾರ್ಮ್ ಎಳೆದು, ಹಿಂದೆ ಆಕ್ಸೆಸ್ ಡೇಟಾಬೇಸ್ ಇಟ್ಟು, ಲೇಬಲ್‌ಗೆ ನುಡಿ ಫಾಂಟ್ ಕೊಟ್ಟರೆ ಕನ್ನಡದ ಸಾಫ್ಟ್‌ವೇರ್ ಸಿದ್ಧ. ಒಬ್ಬ ಹುಡುಗ ಒಂದು ತಿಂಗಳಲ್ಲಿ ಸಂಘದ ಲೆಡ್ಜರ್ ಬರೆದುಕೊಡುವಷ್ಟು ಸರಳ. ಅವತ್ತಿನ ಮಟ್ಟಿಗೆ ಬೇರೆ ದಾರಿಯೂ ಇರಲಿಲ್ಲ ಎನ್ನುವುದನ್ನು ಮರೆಯಬಾರದು.

ಒಳಗೆ ನಡೆಯುತ್ತಿದ್ದುದು ಬೇರೆ. ನುಡಿ ಮಾದರಿಯ ಫಾಂಟ್‌ನಲ್ಲಿ "ಕ" ಎಂಬ ಅಕ್ಷರವೇ ಇಲ್ಲ. ಇಂಗ್ಲಿಷ್ ದೊಡ್ಡ ಪಿ, ಅದರ ಪಕ್ಕ ತಲೆ ಮೇಲೆ ಗೀಟಿರುವ ದೊಡ್ಡ ಎ. ಪಿ ಇರುವ ಜಾಗದಲ್ಲಿ ಕಕಾರದ ಒಡಲನ್ನೂ ಗೀಟಿನ ಎ ಇರುವ ಜಾಗದಲ್ಲಿ ತಲೆಕಟ್ಟನ್ನೂ ಫಾಂಟ್ ಚಿತ್ರಿಸುತ್ತದೆ, ಕಣ್ಣಿಗೆ "ಕ" ಕಾಣುತ್ತದೆ. ಡೇಟಾಬೇಸಿನಲ್ಲಿ ಕೂತಿರುವುದು ಇಂಗ್ಲಿಷೇ. ಹಾಗಾಗಿ ವಿಂಡೋಸ್ ತನ್ನದೇ ಫಾಂಟ್ ಬಳಸುವ ಕಡೆಯೆಲ್ಲ ವೇಷ ಕಳಚುತ್ತಿತ್ತು. ಮೆಸೇಜ್ ಬಾಕ್ಸ್‌ನಲ್ಲಿ ಕನ್ನಡ ಬರುತ್ತಿರಲಿಲ್ಲ, ಫಾರ್ಮ್‌ನ ಶೀರ್ಷಿಕೆ ಪಟ್ಟಿಯಲ್ಲೂ ಬರುತ್ತಿರಲಿಲ್ಲ. ಆ ಕಾಲದ ಸಾಫ್ಟ್‌ವೇರ್‌ಗಳಲ್ಲಿ ಒಳಗೆಲ್ಲ ಕನ್ನಡವಿದ್ದು ಮೇಲಿನ ನೀಲಿ ಪಟ್ಟಿ ಮಾತ್ರ ಇಂಗ್ಲಿಷಿನಲ್ಲಿ ಉಳಿದದ್ದು, "ಉಳಿಸಲೇ? ಹೌದು / ಇಲ್ಲ" ಎಂದು ಕೇಳಲು ಪುಟ್ಟದೊಂದು ಫಾರ್ಮನ್ನೇ ಬೇರೆ ಮಾಡಿಕೊಂಡದ್ದು ಇದೇ ಕಾರಣಕ್ಕೆ.

ನಿಜವಾದ ಪೆಟ್ಟು ಬಿದ್ದದ್ದು ದೊಡ್ಡ-ಚಿಕ್ಕ ಅಕ್ಷರದ ವಿಷಯದಲ್ಲಿ. ಹೆಸರುಗಳನ್ನೆಲ್ಲ ದೊಡ್ಡಕ್ಷರಕ್ಕೆ ತಿರುಗಿಸಿ ಉಳಿಸುವುದು ಇಂಗ್ಲಿಷ್ ಪ್ರೋಗ್ರಾಮಿಂಗ್‌ನ ಹಳೆ ಚಾಳಿ. ವಿಬಿಯಲ್ಲಿ ಅದಕ್ಕೆ ಯೂಕೇಸ್ ಎಂಬ ಒಂದು ಫಂಕ್ಷನ್ ಸಾಕು. ನುಡಿಯಲ್ಲಿ ದೊಡ್ಡ ಜೆಡ್ ಎಂದರೆ ಚಕಾರ, ಚಿಕ್ಕ ಜೆಡ್ ಎಂದರೆ ದಕಾರ. ಎರಡು ಚುಕ್ಕೆಯ ಚಿಕ್ಕ ಎ ಮಕಾರದ ಒತ್ತು, ಅದರ ದೊಡ್ಡಕ್ಷರ ಕೊಂಬು. ವಿಜಯಪುರ ಜಿಲ್ಲೆಯಲ್ಲಿ ಮನೆಗೊಂದರಂತೆ ಇರುವ "ದಾನಮ್ಮ" ಎಂಬ ಹೆಸರನ್ನು ಯೂಕೇಸ್ ಮೂಲಕ ಹಾಯಿಸಿದರೆ ಹೊರಬರುವುದು "ಚಾನಮು". ತಿರುಗಿಸದೆ ಬಿಟ್ಟರೂ ಪೂರ್ತಿ ಪಾರಾಗುವಂತಿರಲಿಲ್ಲ. ಆಕ್ಸೆಸ್ ಹುಡುಕುವಾಗ ದೊಡ್ಡ-ಚಿಕ್ಕ ಅಕ್ಷರಗಳಿಗೆ ಭೇದ ಮಾಡುವುದಿಲ್ಲ. "ದಾಳಿ" ಎಂದು ಹುಡುಕಿದರೆ "ಚಾಳಿ"ಯೂ ಸಿಗುತ್ತದೆ. ಅಕಾರಾದಿ ಪಟ್ಟಿ ಕೇಳಿದರೆ ರಾಮಪ್ಪ ಕಲ್ಲಪ್ಪನಿಗಿಂತ ಮೊದಲು ಬರುತ್ತಾನೆ, ಏಕೆಂದರೆ ಒಳಗೆ ರಕಾರ ಇಂಗ್ಲಿಷಿನ ಜಿ, ಕಕಾರ ಪಿ. ಸದಸ್ಯರ ಪಟ್ಟಿಯನ್ನು ಹಾಗೇ ಪ್ರಿಂಟು ತೆಗೆದು ಗೋಡೆಗೆ ಅಂಟಿಸಿದ್ದೂ ಉಂಟು. ಓದುವವರು ಹೇಗೋ ತಮ್ಮ ಹೆಸರು ಹುಡುಕಿಕೊಂಡರು.

ತುಂಗಾ ಬಂದ ಮೇಲೆ

ವಿಂಡೋಸ್ 2000ದಲ್ಲಿ ದೇವನಾಗರಿ ಮತ್ತು ತಮಿಳಿಗೆ ಯೂನಿಕೋಡ್ ಬೆಂಬಲ ಬಂದಿತ್ತು. ಕನ್ನಡಕ್ಕೆ ಬಂದದ್ದು 2001ರ ಎಕ್ಸ್‌ಪಿಯಲ್ಲಿ, ತುಂಗಾ ಫಾಂಟ್ ಜೊತೆಗೆ. ಅದೂ ತಾನಾಗಿ ಅಲ್ಲ: ಕಂಟ್ರೋಲ್ ಪ್ಯಾನೆಲ್‌ನ ಭಾಷಾ ಆಯ್ಕೆಯಲ್ಲಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಬೇಕು, ಎಕ್ಸ್‌ಪಿ ಸಿಡಿ ಒಳಗಿಡಬೇಕು, ಮರುಚಾಲನೆ ಮಾಡಬೇಕು.

ವಿಬಿ 6ರ ಸಾಫ್ಟ್‌ವೇರ್‌ಗಳಿಗೆ ಇದರಿಂದ ಉಪಯೋಗವಾಗಲಿಲ್ಲ. ವಿಬಿ 6 ತನ್ನೊಳಗೆ ಅಕ್ಷರಗಳನ್ನು ಯೂನಿಕೋಡ್‌ನಲ್ಲೇ ಇಟ್ಟುಕೊಳ್ಳುತ್ತದೆ. ಆದರೆ ಅದರ ಟೆಕ್ಸ್ಟ್‌ಬಾಕ್ಸ್, ಲೇಬಲ್‌ಗಳು ತೋರಿಸುವ ಮುನ್ನ ಯೂನಿಕೋಡ್‌ಗಿಂತ ಮುಂಚಿನ ಆನ್ಸಿ ಎಂಬ ಹಳೆ ಸಂಕೇತಕ್ಕೆ ಇಳಿಸುತ್ತವೆ. ವಿಂಡೋಸ್‌ನಲ್ಲಿ ಕನ್ನಡಕ್ಕೆ ಆನ್ಸಿ ಕೋಡ್‌ಪೇಜೇ (ಅಕ್ಷರಗಳ ಕೋಷ್ಟಕವೇ) ಇಲ್ಲ, ಇಳಿಸಲು ಜಾಗವಿಲ್ಲದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಎಂಎಸ್ ಆಫೀಸ್ ಜೊತೆ ಬರುವ ಫಾರ್ಮ್ಸ್ 2.0 ಕಂಟ್ರೋಲ್‌ಗಳನ್ನು ಹಾಕಿ ಕೆಲವರು ದಾರಿ ಮಾಡಿಕೊಂಡರು. ಆ ಫೈಲನ್ನು ಸಾಫ್ಟ್‌ವೇರ್ ಜೊತೆ ಹಂಚಲು ಪರವಾನಗಿ ಇಲ್ಲದ್ದರಿಂದ ಪ್ರತಿ ಕಂಪ್ಯೂಟರಿನಲ್ಲೂ ಆಫೀಸ್ ಇರಲೇಬೇಕಾಯಿತು. ಇದು ಪರಿಹಾರಕ್ಕಿಂತ ಮುಂದೂಡಿಕೆ. ವಿಂಡೋಸ್ 11 ಕೂಡ ವಿಬಿ 6 ಸಾಫ್ಟ್‌ವೇರ್ ಓಡಿಸುತ್ತಿರುವುದರಿಂದ ಆ ಮುಂದೂಡಿಕೆ ಇನ್ನೂ ಮುಗಿದಿಲ್ಲ.

ವಿಬಿ 6 ಬಿಟ್ಟು ಮೈಕ್ರೋಸಾಫ್ಟ್‌ನ ಮುಂದಿನ ವೇದಿಕೆಯಾದ ಡಾಟ್ ನೆಟ್‌ಗೆ ಬಂದವರು ಬೇರೆ ಕಡೆ ಎಡವಿದರು. ಪರದೆಯಲ್ಲಿ ಕನ್ನಡ ಚೆನ್ನಾಗಿ ಕಾಣುತ್ತದೆ, ಉಳಿಸಿ ಮತ್ತೆ ತೆರೆದರೆ ಪ್ರಶ್ನಾರ್ಥಕ. ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸಿನಲ್ಲಿ ಕಾಲಂ, ಸಾಮಾನ್ಯವಾಗಿ ಆನ್ಸಿ ಅಕ್ಷರಗಳನ್ನಷ್ಟೇ ಹಿಡಿಯುವ ವಾರ್‌ಚಾರ್ ಬಗೆಯದಾಗಿದ್ದರೆ ಹೀಗಾಗುತ್ತದೆ. ಅದನ್ನು ಯೂನಿಕೋಡ್ ಹಿಡಿಯುವ ಎನ್‌ವಾರ್‌ಚಾರ್ ಮಾಡಿದ ಮೇಲೂ ಆಗುತ್ತಿದ್ದರೆ, ಇನ್ಸರ್ಟ್ ವಾಕ್ಯದಲ್ಲಿ ಪಠ್ಯದ ಉದ್ಧರಣ ಚಿಹ್ನೆಗೆ ಮುಂಚೆ ಎನ್ ಅಕ್ಷರ ಹಾಕಿಲ್ಲ ಎಂದರ್ಥ. ಪಠ್ಯವನ್ನು ವಾಕ್ಯದೊಳಗೆ ಜೋಡಿಸುವುದನ್ನೇ ಬಿಟ್ಟು ಪ್ಯಾರಾಮೀಟರ್ ಮೂಲಕ ಕಳಿಸಿದರೆ ಈ ತೊಂದರೆ ಹೋಗುತ್ತದೆ, ಹೆಸರಿನಲ್ಲಿ ಉದ್ಧರಣ ಚಿಹ್ನೆ ಬಂದಾಗಿನ ತೊಂದರೆಯೂ ಹೋಗುತ್ತದೆ. ಪ್ರಶ್ನಾರ್ಥಕಗಳನ್ನು ಎಣಿಸಿದರೂ ಗೊತ್ತಾಗುತ್ತದೆ. "ಮುದ್ದೇಬಿಹಾಳ" ಕಣ್ಣಿಗೆ ಐದು ಅಕ್ಷರ. ಯೂನಿಕೋಡ್‌ನಲ್ಲಿ ಮ, ಕೊಂಬು, ದ, ವಿರಾಮ, ದ, ಏತ್ವದ ದೀರ್ಘ, ಬ, ಗುಡಿಸು, ಹ, ಇಳಿ, ಳ ಎಂದು ಹನ್ನೊಂದು. ಪರದೆಯಲ್ಲಿ ಹನ್ನೊಂದು ಪ್ರಶ್ನಾರ್ಥಕ ಸಾಲಾಗಿ ನಿಂತಿದ್ದರೆ, ಯೂನಿಕೋಡ್ ಪಠ್ಯ ಆನ್ಸಿ ಬಾಗಿಲಲ್ಲಿ ಸಿಕ್ಕಿಬಿದ್ದಿದೆ. ಊರಿನ ಹೆಸರಿಗೆ ಹತ್ತು ಅಕ್ಷರ ಸಾಕೆಂದು ಟೆಕ್ಸ್ಟ್‌ಬಾಕ್ಸ್‌ಗೆ ಗರಿಷ್ಠ ಉದ್ದ 10 ಕೊಟ್ಟಿದ್ದರೆ "ಮುದ್ದೇಬಿಹಾ"ಗೆ ನಿಲ್ಲುತ್ತದೆ. ಯುಟಿಎಫ್-8ರಲ್ಲಿ ಬೈಟ್ ಎಣಿಸುವ ಡೇಟಾಬೇಸ್ ಆದರೆ ಅದೇ ಹೆಸರಿಗೆ 33 ಬೈಟ್ ಬೇಕು. ಇಂಗ್ಲಿಷಿಗೆ ಇಟ್ಟ ಅಳತೆಯ ಮೂರು ಪಟ್ಟಾದರೂ ಇರಲಿ ಎನ್ನುವುದು ಇದಕ್ಕೇ.

ಹಳೆ ದತ್ತಾಂಶವನ್ನು ಯೂನಿಕೋಡ್‌ಗೆ ಪರಿವರ್ತಿಸುವುದು ಇವೆಲ್ಲಕ್ಕಿಂತ ಕಷ್ಟದ ಹಂತ, ಬಹಳ ಕಡೆ ಅವಸರದಲ್ಲಿ ಮುಗಿಸಿದ ಹಂತವೂ ಹೌದು. ನುಡಿಯಲ್ಲಿ ಅರ್ಕಾವೊತ್ತು ವ್ಯಂಜನದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ವ್ಯಂಜನದ ಮುಂಚೆ ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸದಿದ್ದರೆ ಎಲ್ಲ ಕಡೆ ಕಾಣಸಿಗುವ "ಕನಾರ್ಟಕ" ಹುಟ್ಟುತ್ತದೆ. ಒಂದೇ ಕಾಲಂನಲ್ಲಿ ಕೆಲವು ಹೆಸರು ನುಡಿಯಲ್ಲೂ ಕೆಲವು ನಿಜವಾದ ಇಂಗ್ಲಿಷಿನಲ್ಲೂ ಇದ್ದರೆ ಪರಿವರ್ತಕಕ್ಕೆ ಭೇದ ತಿಳಿಯುವುದಿಲ್ಲ, ಇಂಗ್ಲಿಷ್ ಹೆಸರನ್ನೂ ಅರ್ಥವಿಲ್ಲದ ಕನ್ನಡ ಮಾಡಿಬಿಡುತ್ತದೆ. ಗೀಟು-ಚುಕ್ಕೆಯ ಅಕ್ಷರ ಇರುವ ಸಾಲುಗಳನ್ನು ಮೊದಲು ಬೇರ್ಪಡಿಸಬೇಕು. ಹಳೆ ಕಾಲಂ ಮುಟ್ಟದೆ ಪಕ್ಕದಲ್ಲಿ ಹೊಸ ಎನ್‌ವಾರ್‌ಚಾರ್ ಕಾಲಂ ಮಾಡಿ ಅದರೊಳಗೆ ಪರಿವರ್ತಿಸಬೇಕು. ನಂತರ ಬೇರೆ ಬೇರೆ ಹೆಸರುಗಳ ಪಟ್ಟಿ ತೆಗೆದು ಊರಿನ ಹೆಸರು ಬಲ್ಲವರೊಬ್ಬರು ಕಣ್ಣಾಡಿಸಬೇಕು. ಹಳೆ ಕಾಲಂ ಅಳಿಸಲು ಒಂದು ಲೆಕ್ಕಪತ್ರ ವರ್ಷ ಮುಗಿಯುವವರೆಗೆ ಕಾಯುವುದು ಒಳ್ಳೆಯದು.

ಪೆಟ್ಟಿಗೆಯ ಅಳತೆ

ಡಾಟ್ ನೆಟ್‌ನಲ್ಲಿ ಪರದೆ ಕಟ್ಟುವ ವಿನ್‌ಫಾರ್ಮ್ಸ್‌ನ ಮೂಲ ಫಾಂಟ್ ಬಹಳ ಕಾಲ ಮೈಕ್ರೋಸಾಫ್ಟ್ ಸಾನ್ಸ್ ಸೆರಿಫ್, 8.25 ಪಾಯಿಂಟ್. ಅದರಲ್ಲಿ ಕನ್ನಡ ಇಲ್ಲ. ವಿಂಡೋಸ್ ತಾನೇ ಬೇರೆ ಫಾಂಟ್‌ನಿಂದ ಎರವಲು ತಂದು ತೋರಿಸುತ್ತದೆ. ಪೆಟ್ಟಿಗೆಯ ಎತ್ತರ ಮಾತ್ರ ಇಂಗ್ಲಿಷ್ ಫಾಂಟ್‌ನ ಲೆಕ್ಕದ್ದೇ. ಹಾಗಾಗಿ "ರಾಷ್ಟ್ರೀಯ", "ವಸ್ತ್ರ" ಇಂಥ ಎರಡು ಒತ್ತಿನ ಪದಗಳ ಬುಡ ಕತ್ತರಿಸುತ್ತದೆ. ಗ್ರಿಡ್‌ನ ಸಾಲಿನ ಎತ್ತರ ಮೂಲದಲ್ಲಿ 22 ಪಿಕ್ಸೆಲ್, ಬಟನ್ 75 ಅಗಲ 23 ಎತ್ತರ. ಫಾರ್ಮ್‌ಗೇ ನಿರ್ಮಲಾ ಯುಐ 10 ಅಥವಾ 11 ಪಾಯಿಂಟ್ ಕೊಡುವುದು ಮೊದಲ ಕೆಲಸ. ವಿಂಡೋಸ್ 8ರಿಂದ ಇರುವ ಈ ಫಾಂಟ್‌ನಲ್ಲಿ ಕನ್ನಡ, ದೇವನಾಗರಿ ಎರಡೂ ಇರುವುದರಿಂದ ಬೆಳಗಾವಿ, ನಿಪ್ಪಾಣಿ ಕಡೆ ಕನ್ನಡ-ಮರಾಠಿ ಎರಡರ ಬಿಲ್‌ಗೂ ಒಂದೇ ಸಾಕು. ತುಂಗಾ ನಂಬಿ ಕೂತರೆ ವಿಂಡೋಸ್ 10ರಲ್ಲಿ ಅದು ಐಚ್ಛಿಕ ಫಾಂಟ್‌ಗಳ ಪಟ್ಟಿಗೆ ಸರಿದಿದೆ. ಆಮೇಲೆ ಲೇಬಲ್, ಬಟನ್‌ಗಳಿಗೆ ಅಕ್ಷರಕ್ಕೆ ತಕ್ಕಂತೆ ಹಿಗ್ಗುವ ಆಟೋಸೈಜ್. ಗ್ರಿಡ್‌ನ ಸಾಲುಗಳಿಗೆ ತಾನಾಗಿ ಎತ್ತರ ಹೊಂದಿಸುವ ಮೋಡ್. ಎಲ್ಲವನ್ನೂ ಪಿಕ್ಸೆಲ್ ಲೆಕ್ಕದಲ್ಲಿ ನೆಡುವ ಬದಲು ಸಾಲು-ಕಾಲಂಗಳಲ್ಲಿ ಹೊಂದಿಸುವ ಟೇಬಲ್ ಲೇಔಟ್ ಪ್ಯಾನೆಲ್.

ಈ ಕೊನೆಯದು ಇಲ್ಲದಿದ್ದರೆ ಇನ್ನೊಂದು ದೂರು ಕಾದಿರುತ್ತದೆ: "ಉಳಿಸೋ ಬಟನ್ನೇ ಕಾಣವಲ್ದು." 1366×768ರ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್‌ನ ಪರದೆ ಅಳತೆಯನ್ನು (ಸ್ಕೇಲಿಂಗ್) 125 ಶೇಕಡಾ ಮಾಡಿದರೆ ಉಳಿಯುವ ಎತ್ತರ 614 ಪಿಕ್ಸೆಲ್‌ನಷ್ಟೇ. 1024×768ಕ್ಕೆ ಎಳೆದ ಫಾರ್ಮ್‌ನ ಕೆಳಗಿನ ಸಾಲು ಟಾಸ್ಕ್‌ಬಾರ್ ಹಿಂದೆ ಹೋಗುತ್ತದೆ. ಅಳತೆ ಹಿಗ್ಗುವುದು ತನಗೆ ಗೊತ್ತು ಎಂದು ಮ್ಯಾನಿಫೆಸ್ಟ್‌ನಲ್ಲಿ ಹೇಳಿಕೊಳ್ಳದ ಅಪ್ಲಿಕೇಶನನ್ನು ವಿಂಡೋಸ್ ಚಿತ್ರದಂತೆ ಹಿಗ್ಗಿಸುತ್ತದೆ. ಇಂಗ್ಲಿಷ್ ಸ್ವಲ್ಪ ಮಸುಕಾಗುತ್ತದೆ, ಕನ್ನಡದ ಒತ್ತುಗಳು ಕಲಸಿಹೋಗುತ್ತವೆ.

2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಗಿ, ಬಿಜಾಪುರ ವಿಜಯಪುರವಾಗಿ ಅಧಿಕೃತವಾದಾಗ, ಊರಿನ ಹೆಸರನ್ನು ಪದಗಳನ್ನೆಲ್ಲ ಒಂದೆಡೆ ಇಡುವ ರಿಸೋರ್ಸ್ ಫೈಲ್‌ನಲ್ಲಿ ಇಡದೆ ಪ್ರತಿ ಫಾರ್ಮ್‌ನ ಲೇಬಲ್‌ನಲ್ಲೇ ಬರೆದಿಟ್ಟಿದ್ದರ ಬೆಲೆಯೂ ಗೊತ್ತಾಯಿತು.

ಕನ್ನಡದ ಖಾತೆಗೆ ಬರೆದ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ತೊಂದರೆಯಿದೆ. ಮಾರ್ಚ್ 31ರ ಬಡ್ಡಿ ಲೆಕ್ಕಕ್ಕೆ ಬಟನ್ ಒತ್ತಿದರೆ ಪರದೆ ಬೆಳ್ಳಗಾಗಿ ನಿಲ್ಲುತ್ತದೆ. ಪರದೆ ನೋಡಿಕೊಳ್ಳುವ ಥ್ರೆಡ್‌ನಲ್ಲೇ ಲೆಕ್ಕವೂ ನಡೆಯುತ್ತಿದ್ದು ಐದು ಸೆಕೆಂಡ್ ಓಗೊಡದಿದ್ದರೆ ವಿಂಡೋಸ್ "ನಾಟ್ ರೆಸ್ಪಾಂಡಿಂಗ್" ಎನ್ನುತ್ತದೆ. ವಿಬಿ ಕಾಲದ ಮದ್ದು ಡೂಇವೆಂಟ್ಸ್ ಎಂಬ ಆಜ್ಞೆ. ಅದು ಪರದೆಯನ್ನು ಎಚ್ಚರವಿಟ್ಟಿತು, ಜೊತೆಗೆ ಅದೇ ಬಟನ್ ಎರಡನೇ ಸಲ ಒತ್ತಲೂ ಬಿಟ್ಟಿತು, ಬಡ್ಡಿ ಎರಡು ಸಲ ಜಮಾ ಆಯಿತು. ಪರದೆ ತಡೆಯದೆ ಕೆಲಸ ನಡೆಸಲು 2012ರಿಂದ ಡಾಟ್ ನೆಟ್‌ನಲ್ಲಿ ಅಸಿಂಕ್-ಅವೈಟ್ ಇದೆ. ಆದರೂ ಲೆಕ್ಕ ಶುರುವಾದ ಕೂಡಲೇ ಬಟನ್ ನಿಷ್ಕ್ರಿಯ ಮಾಡುವ ಒಂದು ಸಾಲು ಈಗಲೂ ಬೇಕು.

ಯೂನಿಕೋಡ್ ಪೂರ್ತಿ ಬಂದ ಕಡೆ ಉಳಿದಿರುವುದು ಕಣ್ಣಿಗೆ ಕಾಣದ ಜಗಳಗಳು. "ಪಾಟೀಲ್" ಎಂಬ ಹೆಸರಿನ ಕೊನೆಗೆ ಒಂದು ಕೀಲಿಮಣೆ ಅದೃಶ್ಯ ಅಕ್ಷರವೊಂದನ್ನು ಸೇರಿಸುತ್ತದೆ, ಇನ್ನೊಂದು ಸೇರಿಸುವುದಿಲ್ಲ. ಓದಿದರೆ ಒಂದೇ, ಹುಡುಕಿದರೆ ಎರಡು. ಉಳಿಸುವ ಮುನ್ನ ಪದದ ಕೊನೆಯ ಅದೃಶ್ಯ ಅಕ್ಷರ ತೆಗೆದು, ಪಠ್ಯವನ್ನು ನಾರ್ಮಲೈಸ್ ಮಾಡಿದರೆ (ಒಂದೇ ರೂಪಕ್ಕೆ ತಂದರೆ) ಇದು ಬಗೆಹರಿಯುತ್ತದೆ. ಮೊತ್ತದ ಕಾಲಂನಲ್ಲಿ ಕನ್ನಡ ಕೀಲಿಮಣೆ ಆನ್ ಇದ್ದು ಆಪರೇಟರ್ ೫೦೦ ಎಂದು ಹೊಡೆದರೆ, ಡಾಟ್ ನೆಟ್‌ನ ಇಸ್‌ಡಿಜಿಟ್ ಪರೀಕ್ಷೆ ಅದನ್ನು ಅಂಕಿಯೆಂದು ಒಳಬಿಡುತ್ತದೆ, ಅದನ್ನು ಸಂಖ್ಯೆಯಾಗಿ ತಿರುಗಿಸುವ ಮುಂದಿನ ಪಾರ್ಸ್ ಫಂಕ್ಷನ್ ಅಂಕಿಯಲ್ಲ ಎಂದು ಬಿದ್ದುಹೋಗುತ್ತದೆ. ಪಾರ್ಸ್‌ಗೆ ಮೊದಲು ೦ಯಿಂದ ೯ರವರೆಗಿನ ಹತ್ತು ಅಂಕಿಗಳನ್ನು 0-9ಕ್ಕೆ ಬದಲಿಸಬೇಕು. ಕೀ ಒತ್ತಿದಾಗಷ್ಟೇ ಅಲ್ಲ, ಪೇಸ್ಟ್ ಮಾಡಿದಾಗಲೂ.