ರಿಂಗ್ ಕೆಳಗಿನ ಎತ್ತರದ ಆಟಗಾರನಿಗೆ ಇನ್ನೂ ಜಾಗ ಇದೆಯಾ?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ಉದ್ದ ಬೆಳೆದ ಹುಡುಗನನ್ನು ಮೊದಲು ಎಳೆದುಕೊಳ್ಳುವುದು ವಾಲಿಬಾಲ್. ಅಪ್ಪಿತಪ್ಪಿ ಬ್ಯಾಸ್ಕೆಟ್‌ಬಾಲ್‌ಗೆ ಬಂದರೆ ಅವನಿಗೆ ಸಿಗುವ ಪಾಠ ಒಂದೇ: ರಿಂಗ್ ಕೆಳಗೆ ನಿಂತ್ಕೋ, ಬಾಲ್ ಬಂದ್ರೆ ಹಾಕು. ಅದೇ ಹುಡುಗ ಬೆಳಗ್ಗೆ ಮೊಬೈಲಿನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡುತ್ತಾನೆ. ಅಲ್ಲಿ ಏಳಡಿಯವರೂ ದೂರ ನಿಂತು ತ್ರೀ ಪಾಯಿಂಟ್ ಎಸೆಯುತ್ತಿರುತ್ತಾರೆ. ಹಾಗಾದರೆ ರಿಂಗಿಗೆ ಬೆನ್ನು ಕೊಟ್ಟು, ಎದುರಾಳಿಯನ್ನು ಒತ್ತುತ್ತಾ ಹೋಗಿ ಸ್ಕೋರ್ ಮಾಡುವ ಲೋ ಪೋಸ್ಟ್ ಆಟ ಮುಗಿದೇ ಹೋಯಿತಾ?

ಈ ಆಟಗಾರರನ್ನು ತಡೆಯುವ ಪ್ರಯತ್ನ ಹೊಸದಲ್ಲ. ಮಿನಿಯಾಪೊಲಿಸ್ ಲೇಕರ್ಸ್‌ನ ಜಾರ್ಜ್ ಮೈಕನ್ ಕಾಟ ತಡೆಯಲಾರದೆ ಎನ್‌ಬಿಎ 1951ರಲ್ಲಿ ರಿಂಗ್ ಮುಂದಿನ ಕೀ ಜಾಗವನ್ನು (ಬಾಲ್ ಇರುವ ತಂಡದವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದ ಜಾಗ) 6 ಅಡಿಯಿಂದ 12 ಅಡಿಗೆ ಅಗಲ ಮಾಡಿತು. ವಿಲ್ಟ್ ಚೇಂಬರ್ಲೇನ್ ಕಾಲದಲ್ಲಿ, 1964ರಲ್ಲಿ, ಅದು 16 ಅಡಿಯಾಯಿತು. ಕರೀಮ್ ಅಬ್ದುಲ್ ಜಬ್ಬಾರ್ ಕಾಲೇಜಿನಲ್ಲಿದ್ದಾಗ, 1967ರಲ್ಲಿ, ಅಮೆರಿಕದ ಕಾಲೇಜು ಆಟದಲ್ಲಿ ಡಂಕ್ ಮಾಡುವುದನ್ನೇ (ಜಿಗಿದು ಬಾಲನ್ನು ರಿಂಗಿಗೆ ತುರುಕುವುದು) ನಿಷೇಧಿಸಿದರು. ಕರೀಮ್ ಒಂದೇ ಕೈಯಲ್ಲಿ ತಲೆಯ ಮೇಲಿಂದ ಎಸೆಯುವ ಸ್ಕೈಹುಕ್ ಹೊಡೆತವನ್ನೇ ಪಳಗಿಸಿಕೊಂಡು, ಮುಂದೆ ಎನ್‌ಬಿಎಯಲ್ಲಿ 38,387 ಪಾಯಿಂಟ್ ಗಳಿಸಿದರು. ರಿಂಗಿನಿಂದ ದೂರ ತಳ್ಳಿದಷ್ಟೂ ಈ ಆಟಗಾರರು ಹೊಸ ವಿದ್ಯೆ ಕಲಿತರು.

ನಿಜವಾದ ಪೆಟ್ಟು ಬಿದ್ದದ್ದು ಲೆಕ್ಕಾಚಾರದಿಂದ. ಎನ್‌ಬಿಎಗೆ ತ್ರೀ ಪಾಯಿಂಟ್ ಗೆರೆ (ಅದರಾಚೆಯಿಂದ ಹಾಕಿದರೆ ಎರಡರ ಬದಲು ಮೂರು ಪಾಯಿಂಟ್) ಬಂದದ್ದು 1979ರಲ್ಲಿ. ಅದರ ಬೆಲೆ ತಂಡಗಳಿಗೆ ಪೂರ್ತಿ ತಿಳಿಯಲು ಮೂರು ದಶಕ ಬೇಕಾಯಿತು. ಪೋಸ್ಟ್‌ನಲ್ಲಿ 100 ಸಲ ಎಸೆದು 45 ಹಾಕಿದರೆ 90 ಪಾಯಿಂಟ್. ದೂರದಿಂದ 100 ಎಸೆದು 36 ಹಾಕಿದರೂ 108. ಜೊತೆಗೆ 2001ರಲ್ಲಿ ಝೋನ್ ಡಿಫೆನ್ಸ್‌ಗೆ (ಒಬ್ಬೊಬ್ಬ ಆಟಗಾರನ ಬದಲು ಜಾಗವನ್ನು ಕಾಯುವುದು) ಒಪ್ಪಿಗೆ ಸಿಕ್ಕಿತು. ಅಲ್ಲಿಯವರೆಗೆ ಶಕೀಲ್ ಓ'ನೀಲ್ ಅಂಥವರಿಗೆ ಒಂದು ಬದಿಯನ್ನೇ ಖಾಲಿ ಮಾಡಿಕೊಡಬಹುದಿತ್ತು. ಆಮೇಲೆ ಬಾಲ್ ಕೈಗೆ ಬರುವ ಮೊದಲೇ ಹಿಂದೊಬ್ಬ, ಮುಂದೊಬ್ಬ ನಿಲ್ಲತೊಡಗಿದರು.

ಡಿಫೆನ್ಸ್‌ನ ಕಷ್ಟ ಇನ್ನೂ ಜಾಸ್ತಿ. ಎದುರು ತಂಡದ ಸೆಂಟರ್ (ರಿಂಗ್ ಬಳಿ ಆಡುವ ಎತ್ತರದ ಆಟಗಾರ) ತ್ರೀ ಪಾಯಿಂಟ್ ಗೆರೆಯಾಚೆ ನಿಂತರೆ ನಮ್ಮ ಭಾರಿ ಆಳು ಅಲ್ಲಿಗೇ ಓಡಬೇಕು, ರಿಂಗ್ ಬಿಟ್ಟುಕೊಡಬೇಕು. ಅಂಥ ಸೆಂಟರ್ ರಾಯ್ ಹಿಬ್ಬರ್ಟ್ 2014ರಲ್ಲಿ ಆಲ್ ಸ್ಟಾರ್, ಅಂದರೆ ಆ ವರ್ಷದ ಶ್ರೇಷ್ಠರಲ್ಲೊಬ್ಬರು. 2017ರ ನಂತರ ಲೀಗಿನಲ್ಲೇ ಇಲ್ಲ.

2015ರ ಜೂನ್ ಈ ಕಥೆಯ ತಿರುವು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ಏಳಡಿಯ ಆಂಡ್ರ್ಯೂ ಬೋಗಟ್‌ರನ್ನು ಬೆಂಚಿಗೆ ಕಳಿಸಿ, ಅವರಿಗಿಂತ ಗಿಡ್ಡ ಡ್ರೇಮಂಡ್ ಗ್ರೀನ್‌ರನ್ನು ಸೆಂಟರ್ ಜಾಗದಲ್ಲಿಟ್ಟು ಫೈನಲ್ ಗೆದ್ದಿತು. ಅದೇ ತಿಂಗಳ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಪೋಸ್ಟ್ ಆಟಗಾರ ಜಲೀಲ್ ಒಕಾಫೋರ್ 3ನೆಯವರಾಗಿ ಆಯ್ಕೆಯಾದರು. ಪಂಜಾಬಿನ 7 ಅಡಿ 2 ಅಂಗುಲದ ಸತ್ನಾಮ್ ಸಿಂಗ್ 52ನೆಯವರು, ಎನ್‌ಬಿಎಗೆ ಆಯ್ಕೆಯಾದ ಮೊದಲ ಭಾರತೀಯ. ಒಕಾಫೋರ್ ಮೊದಲ ವರ್ಷ ಪಂದ್ಯಕ್ಕೆ ಸರಾಸರಿ 17.5 ಪಾಯಿಂಟ್ ಹಾಕಿಯೂ ನಿಲ್ಲಲಿಲ್ಲ. ಸತ್ನಾಮ್‌ಗೆ ಒಂದು ಪಂದ್ಯವೂ ಸಿಗಲಿಲ್ಲ. ಅವರು ಆಯ್ಕೆಯಾದ ಸುದ್ದಿಗೆ ನಾವೆಲ್ಲ ಎಷ್ಟು ಹಿಗ್ಗಿದ್ದೆವು! ಆದರೆ ಅವರು ಬಾಗಿಲಿಗೆ ಬರುವ ಹೊತ್ತಿಗೆ ಆಟವೇ ಬದಲಾಗಿತ್ತು.

ಸೆಂಟರ್ ಒಬ್ಬರು ಎಂವಿಪಿ (ವರ್ಷದ ಅತ್ಯುತ್ತಮ ಆಟಗಾರ) ಆದದ್ದು 2000ದಲ್ಲಿ, ಓ'ನೀಲ್. ಮುಂದಿನವರು 2021ರಲ್ಲಿ, ಸರ್ಬಿಯಾದ ನಿಕೊಲಾ ಯೋಕಿಚ್. 2014ರ ಡ್ರಾಫ್ಟ್‌ನಲ್ಲಿ 41ನೆಯವರಾಗಿದ್ದ ಅವರು 2022, 2024ರಲ್ಲೂ ಎಂವಿಪಿ ಆದರು, 2023ರಲ್ಲಿ ಡೆನ್ವರ್‌ಗೆ ಕಪ್ ಗೆದ್ದುಕೊಟ್ಟರು. ಅವರು ಹೆಚ್ಚು ಜಿಗಿಯುವವರಲ್ಲ, ರಿಂಗಿಗೆ ಬೆನ್ನು ಕೊಟ್ಟು ಆಡುವುದನ್ನೂ ಬಿಟ್ಟಿಲ್ಲ. ಅವರ ಮೇಲೆ ಇನ್ನೊಬ್ಬ ಬಿದ್ದ ಕೂಡಲೇ ಬಾಲ್ ಖಾಲಿ ನಿಂತ ಶೂಟರ್ ಕೈಯಲ್ಲಿರುತ್ತದೆ. ಆ ಭಯಕ್ಕೆ ಎರಡನೆಯವ ಬರದಿದ್ದರೆ ತಾವೇ ಹಾಕುತ್ತಾರೆ. ಪೋಸ್ಟ್ ಆಟವನ್ನು ಮೂಲೆಗೆ ತಳ್ಳಿದ ಶೂಟರ್‌ಗಳೇ ಈಗ ಅದಕ್ಕೆ ಜಾಗ ಮಾಡಿಕೊಟ್ಟಿದ್ದಾರೆ. ಹಾಗಾಗಿ ಲೋ ಪೋಸ್ಟ್ ಸತ್ತಿಲ್ಲ ಅಂತಲೇ ನಾನು ಹೇಳುತ್ತೇನೆ. ಸತ್ತದ್ದು ಬಾಲ್ ಸಿಕ್ಕರೆ ಹಾಕುವುದೊಂದನ್ನೇ ಬಲ್ಲ ಸೆಂಟರ್‌ನ ಆಟ.

ನಮ್ಮ ಶಾಲಾ ಪಂದ್ಯಗಳಲ್ಲಿ ಉದ್ದ ಹುಡುಗ ಸುಮ್ನೆ ಕೈ ಎತ್ತಿದರೂ ಪಾಯಿಂಟ್ ಬರುತ್ತದೆ, ಅಲ್ವಾ? ಅದಕ್ಕೇ ಅವನಿಗೆ ಯಾರೂ ಪಾಸ್ ಕಲಿಸುವುದಿಲ್ಲ. ಮೇಲಿನ ಹಂತದಲ್ಲಿ ತನ್ನಷ್ಟೇ ಎತ್ತರದವರು ಎದುರಾದಾಗ ಅವನ ಬಳಿ ಬೇರೆ ವಿದ್ಯೆ ಇರುವುದಿಲ್ಲ. ಮಲೆನಾಡಿನ ಮಳೆಗೆ ಬಯಲು ಕೋರ್ಟ್ ಪಾಚಿ ಕಟ್ಟಿ ಜಾರುತ್ತದೆ, ಶೂಟಿಂಗ್ ಅಭ್ಯಾಸ ತಿಂಗಳುಗಟ್ಟಲೆ ನಿಲ್ಲುತ್ತದೆ. ಆದರೆ ಪಿವಟ್ ಮಾಡಿ (ಒಂದು ಕಾಲೂರಿ) ತಿರುಗುವುದಕ್ಕೆ, ಹೆಗಲ ಮೇಲಿಂದ ನೋಡಿ ಪಾಸ್ ಕೊಡುವುದಕ್ಕೆ ರಿಂಗ್ ಬೇಕಿಲ್ಲ. ಶಾಲೆಯ ಜಗಲಿ, ಒಂದು ಬಾಲ್, ಇಬ್ಬರು ಗೆಳೆಯರು ಸಾಕು. ಜೂನ್‌ನಲ್ಲೇ ಶುರು ಮಾಡಬಹುದು.